ಕಾಣದ ಕಣ್ಣಿಗೆ ನಾಟ್ಯದ ಪಾಠ

ಇಪ್ಪತ್ತು ವರ್ಷ ಹೋಟೆಲಿನ ಗಲ್ಲೆಯ ಮೇಲೆ ಕುಳಿತು, ಈಗ ಪತ್ರಿಕೆಯ ಮೇಜಿನ ಮುಂದೆ ಕುಳಿತಿರುವ ಈ ಲೇಖಕನಿಗೆ ನಾಟ್ಯಶಾಸ್ತ್ರದ ಪರಿಚಯ ಅಷ್ಟಕ್ಕಷ್ಟೆ. ಆದರೂ ಇಂದು ನಾಟ್ಯದ ವಿಷಯವನ್ನೇ ಎತ್ತಿಕೊಂಡಿರುವುದಕ್ಕೆ ಕಾರಣವುಂಟು. ಹಿಂದೊಮ್ಮೆ ನಾನು ಆಡಿದ ಒಂದು ಅವಿವೇಕದ ಮಾತೇ ಆ ಕಾರಣ.

ಮೂರು ವರ್ಷದ ಹಿಂದಿನ ಸಂಗತಿ. ನಮ್ಮ ಹೋಟೆಲಿನಲ್ಲಿ ಬಹುಕಾಲದಿಂದ ಸಪ್ಲಾಯರ್ ಆಗಿರುವ ಕುಂದಾಪುರದ ಕಡೆಯವನೊಬ್ಬ ಮಧ್ಯಾಹ್ನದ ಗದ್ದಲ ಇಳಿದ ಮೇಲೆ ಗಲ್ಲೆಯ ಹತ್ತಿರ ಬಂದು ಕೈಕಟ್ಟಿ ನಿಂತ. ಊರಿನಲ್ಲಿರುವ ಅವನ ಮಗಳು ತಿಂಗಳು ತುಂಬುವ ಮೊದಲೇ ಹುಟ್ಟಿದವಳು. ಎರಡು ಕಣ್ಣೂ ಕಾಣದು. ಆಗ ಅವಳಿಗೆ ಎಂಟು ವರ್ಷ. ಏನಾದರೊಂದು ವಿದ್ಯೆ ಕಲಿಸಬೇಕೆಂದು ಅವನ ಆಸೆ. ನಾನು ಎರಡನೆಯ ಯೋಚನೆಯಿಲ್ಲದೆ, “ಹಾರ್ಮೋನಿಯಂ ಕಲಿಸು, ಕುರುಡರಿಗೆ ಸಂಗೀತ ಒಲಿಯುತ್ತದೆ” ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಧಣಿಗಳೆ, ಅವಳಿಗೆ ಹಾರ್ಮೋನಿಯಂ ಬೇಡವಂತೆ, ಕುಣಿಯಬೇಕಂತೆ” ಎಂದ. ನಾನು ನಕ್ಕುಬಿಟ್ಟೆ. ಅವನೂ ನನ್ನ ಮರ್ಯಾದೆಗೆ ನಕ್ಕು, ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದ.

ಆ ನಗು ಈಗ ನನ್ನನ್ನು ಕುಟುಕುತ್ತಿದೆ. ಕುರುಡರಿಗೆ ಸಂಗೀತವೆಂಬುದು ನಮ್ಮ ನಾಡಿನಲ್ಲಿ ಗಾದೆಯಂತೆ ನಿಂತುಬಿಟ್ಟಿದೆ. ಅದಕ್ಕೆ ಆಧಾರವೂ ಉಂಟು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು (1892–1944), ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ಇಬ್ಬರೂ ಅಂಧರು. ಅವರ ನೆರಳಿನಲ್ಲಿ ಎಷ್ಟೋ ಅಂಧ ಮಕ್ಕಳು ಗಾಯಕರಾಗಿ, ವಾದಕರಾಗಿ ಬದುಕು ಕಂಡುಕೊಂಡರು. ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಅವರ ಭಾವಚಿತ್ರಕ್ಕೆ ಹೂವು ಏರುವುದನ್ನು ನಾನು ಕಂಡಿದ್ದೇನೆ. ಆದರೆ ಹಾಡು ಕಿವಿಯ ವಿದ್ಯೆ, ನಾಟ್ಯವು ಕಣ್ಣಿನ ವಿದ್ಯೆ ಎಂದು ನಾವು ಗೆರೆ ಎಳೆದುಕೊಂಡೆವಲ್ಲ, ಅದನ್ನು ಎಳೆದವರು ಯಾರು? ನಾಟ್ಯವನ್ನು ನೋಡುವವನಿಗೆ ಕಣ್ಣು ಬೇಕು, ನಿಜ. ಮಾಡುವವನಿಗೆ?

ಈ ಪ್ರಶ್ನೆಯನ್ನು ಹಿಡಿದು ಹೊರಟಾಗ ಮೊದಲು ಎದುರಾಗುವ ಹೆಸರು ಕ್ಯೂಬಾ ದೇಶದ ನರ್ತಕಿ ಅಲಿಸಿಯಾ ಅಲೊನ್ಸೊ ಅವರದು. 1920ರಲ್ಲಿ ಹವಾನಾ ನಗರದಲ್ಲಿ ಹುಟ್ಟಿದ ಈಕೆ ನ್ಯೂಯಾರ್ಕಿನಲ್ಲಿ ಬ್ಯಾಲೆ ನೃತ್ಯದಲ್ಲಿ ಹೆಸರು ಮಾಡತೊಡಗಿದ್ದಾಗಲೇ, 1941ರಲ್ಲಿ, ಕಣ್ಣಿನ ಒಳಪರದೆ ಕಳಚಿಕೊಂಡಿತು. ಶಸ್ತ್ರಚಿಕಿತ್ಸೆಗಳಾದುವು. ತಿಂಗಳುಗಟ್ಟಲೆ ಅಲುಗಾಡದೆ ಹಾಸಿಗೆಯಲ್ಲಿ ಮಲಗಿರಬೇಕು, ಗಟ್ಟಿಯಾಗಿ ನಗಬಾರದು, ಅಳಬಾರದು ಎಂದು ವೈದ್ಯರ ಕಟ್ಟಪ್ಪಣೆ. ಹಾಗೆ ಮಲಗಿದ್ದವಳಿಗೆ ಪತಿ ಫರ್ನಾಂಡೊ ಹತ್ತಿರ ಕುಳಿತು ‘ಜಿಸೆಲ್’ ಎಂಬ ಪ್ರಸಿದ್ಧ ಬ್ಯಾಲೆಯ ಹೆಜ್ಜೆಗಳನ್ನು ಬೆರಳುಗಳಿಂದ ಕಲಿಸಿದರು. ಎರಡು ಬೆರಳುಗಳೇ ಎರಡು ಕಾಲುಗಳು, ಹಾಸಿಗೆಯ ಹೊದಿಕೆಯೇ ರಂಗಸ್ಥಳ. 1943ರ ನವೆಂಬರ್ 2ರಂದು ನ್ಯೂಯಾರ್ಕಿನಲ್ಲಿ ಮುಖ್ಯ ನರ್ತಕಿಗೆ ಅನಾರೋಗ್ಯವಾಗಿ ಆ ಪಾತ್ರ ಈಕೆಯ ಪಾಲಿಗೆ ಬಂದಾಗ ಇಡೀ ನೃತ್ಯವು ಅವಳ ಬೆರಳುಗಳಿಂದ ಕಾಲಿಗೆ ಇಳಿಯಿತು. ಮುಂದೆ ಅರ್ಧ ಶತಮಾನದವರೆಗೆ ಈಕೆ ಕುಣಿದರು, 1948ರಲ್ಲಿ ಹವಾನಾದಲ್ಲಿ ತಮ್ಮದೇ ನೃತ್ಯಮಂಡಲಿಯನ್ನು ಸ್ಥಾಪಿಸಿದರು, 2019ರಲ್ಲಿ ತೀರಿಕೊಂಡರು.

ಈಕೆ ರಂಗದ ಮೇಲೆ ಮಾಡಿಕೊಂಡಿದ್ದ ಏರ್ಪಾಡು ಇನ್ನೂ ಕೌತುಕದ್ದು. ಉಳಿದಿದ್ದ ಮಬ್ಬುದೃಷ್ಟಿಗೆ ಬಣ್ಣದ ಬೆಳಕಿನ ಭೇದ ಮಾತ್ರ ತಿಳಿಯುತ್ತಿತ್ತು. ಆದುದರಿಂದ ರಂಗದ ಬೇರೆ ಬೇರೆ ಕಡೆ ಬೇರೆ ಬೇರೆ ಬಣ್ಣದ ಪ್ರಖರ ದೀಪಗಳನ್ನು ಹಾಕಿಸಿಕೊಂಡರು. ಇಂಥ ದೀಪದ ಕಾಂತಿಯೊಳಗೆ ಕಾಲಿಟ್ಟೆನೆಂದರೆ ಮುಂದಿನ ಅಂಚಿಗೆ, ವಾದ್ಯಗಾರರು ಕೂಡುವ ಹಳ್ಳಕ್ಕೆ ಸಮೀಪ ಬಂದೆನೆಂದು ಅರ್ಥ. ಅಂಚಿನಲ್ಲಿ ಸೊಂಟದ ಮಟ್ಟಕ್ಕೆ ಸಣ್ಣದೊಂದು ತಂತಿಯನ್ನೂ ಕಟ್ಟಿಸಿದ್ದರು. ಜೊತೆ ನರ್ತಕರು ಗುರುತಿನ ಜಾಗದಿಂದ ಕದಲುವಂತಿರಲಿಲ್ಲ. ದೀಪ, ತಂತಿ, ಮಾತಿಗೆ ತಪ್ಪದ ಜೊತೆಗಾರ: ಅಂಧರ ನಾಟ್ಯಕ್ಕೆ ಬೇಕಾದ ಯಂತ್ರಸಾಧನಗಳ ಇತಿಹಾಸ ಇಷ್ಟರಿಂದಲೇ ಆರಂಭವಾಗುತ್ತದೆಂದರೆ ತಪ್ಪಾಗದು.

ಆದರೆ ಅಲೊನ್ಸೊ ಕಣ್ಣಿದ್ದಾಗ ಕಲಿತು ಆಮೇಲೆ ಕಳೆದುಕೊಂಡವರು. ಹುಟ್ಟಿದಂದಿನಿಂದ ಒಬ್ಬರ ನಡಿಗೆಯನ್ನೂ ನೋಡದ ಮಗುವಿನ ಪಾಡು ಬೇರೆ. ಕಣ್ಣಿರುವ ಮಗು ಅಮ್ಮನನ್ನೂ ಅಕ್ಕನನ್ನೂ ನೋಡಿ ಅನುಕರಿಸಿ ಅರ್ಧ ನಾಟ್ಯವನ್ನು ತೊಟ್ಟಿಲಿನಿಂದಲೇ ಕಲಿತುಬಿಡುತ್ತದೆ. ಕುರುಡು ಮಗುವಿಗೆ ಆ ಅನುಕರಣೆಯಿಲ್ಲ. ಮೇಲಾಗಿ, ಬೀಳುತ್ತೀ, ತಾಗುತ್ತೀ, ಸುಮ್ಮನೆ ಕೂತುಕೋ ಎಂದು ಮನೆಯವರ ತಡೆ. ತಲೆ ತಗ್ಗುತ್ತದೆ, ಹೆಜ್ಜೆ ಮೊಟಕಾಗುತ್ತದೆ. ಇನ್ನು ದೇಹದ ಸಮತೋಲವು ಕಣ್ಣು, ಒಳಕಿವಿ, ಮಾಂಸಖಂಡಗಳ ಅರಿವು ಈ ಮೂರರ ಮೇಲೆ ನಿಂತದ್ದು. ಒಂದು ಕಾಲು ಕಳೆದ ಮುಕ್ಕಾಲಿಯಂತೆ ಉಳಿದೆರಡಕ್ಕೆ ಹೊರೆ ಹೆಚ್ಚು. ಆ ಎರಡನ್ನು ಬಲಪಡಿಸುವ ದಾರಿಯಾವುದೆಂದರೆ, ಮಗುವನ್ನು ಕೂರಿಸುವುದಲ್ಲ, ಕುಣಿಸುವುದು! ನಾನು ಆ ತಂದೆಗೆ ಹೇಳಿದ್ದು ಇದರ ತದ್ವಿರುದ್ಧ.

ಬ್ರೆಜಿಲ್ ದೇಶದ ಸಾವೊ ಪಾಲೊ ನಗರದಲ್ಲಿ 1995ರಲ್ಲಿ ಫರ್ನಾಂಡಾ ಬಿಯಾಂಕಿನಿ ಎಂಬ ಹದಿನೈದು ವರ್ಷದ ಹುಡುಗಿ ಅಂಧರ ಶಾಲೆಯೊಂದಕ್ಕೆ ಹೋಗಿ ಅಲ್ಲಿಯ ಬಾಲಿಕೆಯರಿಗೆ ಬ್ಯಾಲೆ ಕಲಿಸಲು ತೊಡಗಿದಳು. ಬ್ಯಾಲೆಯಲ್ಲಿ ತುದಿಗಾಲಿನ ಮೇಲೆ ನಿಲ್ಲಬೇಕು, ಗಿರ್ರನೆ ತಿರುಗಬೇಕು. ಕಣ್ಣಿದ್ದವರು ತಿರುಗುವಾಗ ಎದುರಿನ ಒಂದು ಗುರುತಿನಲ್ಲಿ ದೃಷ್ಟಿ ನೆಟ್ಟು ತಲೆಸುತ್ತನ್ನು ತಪ್ಪಿಸಿಕೊಳ್ಳುವರು. ಇವರಿಗೆ ಆ ಆಸರೆ ಇಲ್ಲ. ಶಿಷ್ಯೆ ಗುರುವಿನ ಮೈಯನ್ನು ಮುಟ್ಟಿ ನೋಡಿ, ಗುರು ಶಿಷ್ಯೆಯ ಕೈಕಾಲು ತಿದ್ದಿ, ಆ ವಿದ್ಯೆ ಬೆಳೆಯಿತು. ಅಲ್ಲಿಂದ ಹುಟ್ಟಿದ ಮಂಡಲಿಯ ನರ್ತಕಿಯರು 2012ರಲ್ಲಿ ಲಂಡನಿನ ಪ್ಯಾರಾಲಿಂಪಿಕ್ ಕ್ರೀಡೆಗಳ ಸಮಾರೋಪದಲ್ಲಿ ನರ್ತಿಸಿದರು. ಅವರನ್ನು ಕುರಿತು 2016ರಲ್ಲಿ ಒಂದು ಸಾಕ್ಷ್ಯಚಿತ್ರವೂ ಬಂದಿತು.

ಅಷ್ಟು ದೂರ ಹೋಗುವುದೇಕೆ? ಬೆಂಗಳೂರಿನಲ್ಲಿ 1969ರಲ್ಲಿ ಸ್ಥಾಪಿತವಾದ ರಮಣ ಮಹರ್ಷಿ ಅಂಧರ ಅಕಾಡೆಮಿಯ ವಿದ್ಯಾರ್ಥಿಗಳು ಭರತನಾಟ್ಯ ಕಲಿತು ನಾಡಿನಲ್ಲಿಯೂ ಹೊರನಾಡಿನಲ್ಲಿಯೂ ಪ್ರದರ್ಶನ ಕೊಟ್ಟಿರುವರು. 1997ರಲ್ಲಿ ಅದೇ ನಗರದಲ್ಲಿ ಹುಟ್ಟಿದ ಸಮರ್ಥನಂ ಸಂಸ್ಥೆಯ ‘ಸುನಾದ’ ತಂಡದಲ್ಲಿಯೂ ಅಂಧ ನರ್ತಕರು ಇರುವರು. ಹೀಗಿದ್ದರೂ ನಮ್ಮ ಸಪ್ಲಾಯರ್ ತನ್ನ ಮಗಳನ್ನು ಊರಿನ ಹತ್ತಿರದ ಪೇಟೆಯ ನಾಟ್ಯಶಿಕ್ಷಕರೊಬ್ಬರ ಬಳಿಗೆ ಕರೆದುಕೊಂಡು ಹೋದಾಗ, ಅವರು ಬಾಗಿಲಲ್ಲಿಯೇ ತಡೆದು, “ನೋಡಲಾರದವಳು ನೋಡಿ ಕಲಿಯುವುದನ್ನು ಹೇಗೆ ಕಲಿತಾಳು?” ಎಂದರಂತೆ. ಅವರನ್ನು ಬೈಯಲು ನನಗೆ ಬಾಯಿಲ್ಲ. ನಾನು ಹೇಳಿದ್ದೂ ಅದೇ ಮಾತಲ್ಲವೆ?

ನೋಡಿದರೆ ನಮ್ಮ ಭರತನಾಟ್ಯದಷ್ಟು ಕಿವಿಗೆ ಒಗ್ಗುವ ನಾಟ್ಯಗಳು ಕಡಿಮೆ. ಮೊದಲನೆಯ ತಟ್ಟಡವಿನಿಂದಲೇ ಹೆಜ್ಜೆಗೆ ‘ತೈಯ ತೈ’ ಎಂಬ ಸೊಲ್ಲು ಉಂಟು. ಗುರುವು ಕೋಲಿನಿಂದ ಮರದ ಮಣೆಯ ಮೇಲೆ ತಟ್ಟುವ ಪೆಟ್ಟು ಉಂಟು. ಕಾಲಿನಲ್ಲಿ ಗೆಜ್ಜೆ ಉಂಟು. ತನ್ನ ಹೆಜ್ಜೆ ತಾಳಕ್ಕೆ ಬಿತ್ತೊ ಇಲ್ಲವೊ ಎಂದು ಕುಣಿಯುವವಳಿಗೆ ತಾನೇ ತಿಳಿಯುತ್ತದೆ. ಪಕ್ಕದವಳು ಎಷ್ಟು ದೂರದಲ್ಲಿದ್ದಾಳೆಂಬುದೂ ಅವಳ ಗೆಜ್ಜೆಯಿಂದ ತಿಳಿಯುತ್ತದೆ. ಹಸ್ತಗಳನ್ನೇ ತೆಗೆದುಕೊಳ್ಳಿ. ‘ಅಭಿನಯ ದರ್ಪಣ’ವು ಒಂಟಿಗೈಯ 28 ಹಸ್ತಗಳನ್ನು ಹೇಳುತ್ತದೆ. ಪತಾಕಕ್ಕೂ ತ್ರಿಪತಾಕಕ್ಕೂ ಉಂಗುರದ ಬೆರಳು ಬಾಗಿರುವುದೊಂದೇ ಭೇದ. ಇದು ಕಣ್ಣಿಗಿಂತ ಬೆರಳಿಗೆ ಬೇಗ ಗೊತ್ತಾಗುವ ಭೇದ.

ಕಷ್ಟವಿರುವುದು ಮುಖಾಭಿನಯದಲ್ಲಿ. ಎಂಟು ದೃಷ್ಟಿಭೇದಗಳನ್ನು ಕಣ್ಣು ಕಾಣದವರಿಗೆ ಕಲಿಸುವುದು ಗುರುಗಳಿಗೆ ನಿಜವಾಗಿ ಸವಾಲು. ಆದರೂ ಕಾಣದವರ ಮುಖದಲ್ಲಿ ಭಾವವಿಲ್ಲವೆಂಬ ಮಾತು ಸುಳ್ಳು. 2004ರ ಅಥೆನ್ಸ್ ಪ್ಯಾರಾಲಿಂಪಿಕ್ಸಿನಲ್ಲಿ ಅಂಧ ಜೂಡೊ ಪಟುಗಳು ಗೆದ್ದಾಗ, ಸೋತಾಗ ತೆಗೆದ ಛಾಯಾಚಿತ್ರಗಳನ್ನು ಇಬ್ಬರು ವಿದ್ವಾಂಸರು ಕಣ್ಣಿದ್ದವರ ಚಿತ್ರಗಳೊಡನೆ ಹೋಲಿಸಿ 2009ರಲ್ಲಿ ಪ್ರಕಟಿಸಿದರು. ಹುಟ್ಟು ಕುರುಡರ ಮುಖದಲ್ಲಿಯೂ ಅದೇ ಹರ್ಷ, ಅದೇ ವಿಷಾದ. ಕೊನೆಯ ಪಂದ್ಯ ಸೋತು ಬೆಳ್ಳಿಯ ಪದಕಕ್ಕೆ ನಿಂತವರು ತೋರಿಕೆಗೆ ನಗುವ ನಗು ಕೂಡ ಅದೇ! ಯಾರನ್ನೂ ನೋಡದೆ ಬಂದ ನಗು ಅದು. ಭಾವವು ಒಳಗೆ ಇದ್ದೇ ಇರುತ್ತದೆ. ಬೇಕಾದಾಗ ಅದನ್ನು ಮುಖಕ್ಕೆ ತರುವ ಅಭ್ಯಾಸವನ್ನಷ್ಟೇ ಗುರುವಿನ ಹುಬ್ಬು, ಕೆನ್ನೆ, ತುಟಿಗಳನ್ನು ಮುಟ್ಟಿ ಕಲಿಯಬೇಕು.

ಮುಟ್ಟಿ ಕಲಿಸುವುದರಲ್ಲಿ ಎರಡು ಬಗೆ. ಶಿಷ್ಯೆಯು ಗುರುವಿನ ಭಂಗಿಯನ್ನು ಮುಟ್ಟಿ ನೋಡುವುದು ಒಂದು. ಗುರುವು ಶಿಷ್ಯೆಯ ಅಂಗವನ್ನು ಹಿಡಿದು ತಿದ್ದುವುದು ಇನ್ನೊಂದು. ಮೊದಲನೆಯದರಲ್ಲಿ ಹತೋಟಿ ಕಲಿಯುವವಳ ಕೈಯಲ್ಲಿ ಇರುವುದರಿಂದ ಆದಷ್ಟು ಅದೇ ಮೇಲು. ಎರಡನೆಯದಕ್ಕೆ ಪ್ರತಿ ಸಲವೂ “ನಿನ್ನ ಮೊಣಕೈ ಹಿಡಿಯಲೆ?” ಎಂದು ಕೇಳಿಯೇ ಕೈಯಿಡಬೇಕು. ಕಾಣದವರನ್ನು ಹೇಳದೆ ಕೇಳದೆ ಹಿಡಿದೆಳೆಯುವುದು ದಾದರಿನ ಸೇತುವೆಯ ಮೇಲೆ ನಿತ್ಯ ಕಾಣುವ ಉಪಕಾರ, ಅದು ಉಪಕಾರವಲ್ಲ. ಹೆಣ್ಣುಮಕ್ಕಳನ್ನು ಪಾಠಕ್ಕೆ ಬಿಡುವ ತಂದೆತಾಯಿಗಳು ಈ ಮಾತನ್ನು ಮೊದಲ ದಿನವೇ ಶಿಕ್ಷಕರೊಡನೆ ಆಡಿಕೊಳ್ಳುವುದು ಒಳ್ಳೆಯದು.

ಇನ್ನು ಮಾತು. “ಕೈ ಹೀಗೆ, ಕಾಲು ಹಾಗೆ” ಎಂಬ ಪಾಠ ಇಲ್ಲಿ ನಡೆಯದು. “ಬಲಗೈ ಭುಜದ ಮಟ್ಟಕ್ಕೆ, ಮೊಣಕೈ ತುಸು ಬಾಗಲಿ, ಅಂಗೈ ನೆಲದ ಕಡೆಗೆ” ಎನ್ನಬೇಕು. ದಿಕ್ಕು ಹೇಳಲು ಗಡಿಯಾರವನ್ನು ಬಳಸುವರು: ಎದುರಿಗೆ ಹನ್ನೆರಡು ಗಂಟೆ, ಬಲಕ್ಕೆ ಮೂರು. ನಮ್ಮ ಹೋಟೆಲಿಗೆ ಬರುತ್ತಿದ್ದ ಅಂಧ ಗಿರಾಕಿಯೊಬ್ಬರು, “ಚಟ್ನಿ ಮೂರು ಗಂಟೆಯ ಕಡೆ ಇದೆ ಎಂದು ಹೇಳಿ ಇಡಪ್ಪಾ” ಎಂದು ಮಾಣಿಗೆ ಕಲಿಸಿದ್ದರು. ಅಂದಿನಿಂದ ಅವರ ಸಾಂಬಾರು ಮೇಜಿನ ಮೇಲೆ ಚೆಲ್ಲಲಿಲ್ಲ. ಅದೇ ಗಡಿಯಾರ ನಾಟ್ಯದ ಮನೆಯಲ್ಲಿಯೂ ಓಡುತ್ತದೆ.

ನೆಲದ ವಿಷಯಕ್ಕೆ ಬಂದರೆ ಖರ್ಚು ಇನ್ನೂ ಕಡಿಮೆ. ಒಂದು ಹಗ್ಗವನ್ನು ನೆಲಕ್ಕೆ ಚಾಚಿ ಅದರ ಮೇಲೆ ಅಗಲವಾದ ಅಂಟುಪಟ್ಟಿ ಹಚ್ಚಿದರೆ ಅಂಗಾಲಿಗೆ ತಾಗುವ ಗೆರೆ ಸಿದ್ಧ. ನಟ್ಟನಡುವೆ ಒಂದು ಚಾಪೆ ಅಂಟಿಸಿದರೆ ಅದು ಕೇಂದ್ರ. ಬರಿಗಾಲಿನಲ್ಲಿ ಕುಣಿಯುವ ನಮ್ಮ ನಾಟ್ಯಕ್ಕೆ ಇದು ದೇವರು ಕೊಟ್ಟ ಅನುಕೂಲ. ಪಾದರಕ್ಷೆಯ ಬ್ಯಾಲೆಗೆ ಈ ಭಾಗ್ಯ ಕಡಿಮೆ.

ಸದ್ದಿನ ಏರ್ಪಾಡಿನಲ್ಲಿ ಮಾತ್ರ ಎಚ್ಚರ ಬೇಕು. ಸದ್ದು ಯಾವ ಕಡೆಯಿಂದ ಬಂತೆಂದು ನಾವು ತಿಳಿಯುವುದು ಅದು ಎರಡು ಕಿವಿಗಳಿಗೆ ಮುಟ್ಟುವ ಕಾಲದಲ್ಲಿನ ಅಂತರದಿಂದ, ಮತ್ತು ಗಟ್ಟಿತನದ ಅಂತರದಿಂದ. ಆ ಕಾಲದ ಅಂತರ ಒಂದು ಸೆಕೆಂಡಿನ ಸಾವಿರದ ಒಂದು ಪಾಲಿಗೂ ಕಡಿಮೆ. ಅಷ್ಟು ನವಿರಾದ ತಕ್ಕಡಿ ನಮ್ಮ ತಲೆಯೊಳಗಿದೆ. ನಾಲ್ಕು ಮೂಲೆಗೆ ನಾಲ್ಕು ಧ್ವನಿವರ್ಧಕ ಇಟ್ಟು ಗದ್ದಲ ಮಾಡಿದರೆ ಆ ತಕ್ಕಡಿ ಕೆಟ್ಟು, ಎದುರು ಯಾವುದು ಬೆನ್ನು ಯಾವುದು ತಿಳಿಯದು. ಒಂದೇ ಕಡೆಯಿಂದ, ಪ್ರೇಕ್ಷಕರ ದಿಕ್ಕಿನಿಂದ, ಬಿಟ್ಟು ಬಿಟ್ಟು ಬರುವ ಒಂದು ಸಣ್ಣ ಸದ್ದು ಇದ್ದರೆ ಸಾಕು. ತಿರುಗಿ ನಿಂತವಳು ಅದನ್ನು ಹಿಡಿದು ಮುಖಮಾಡುವಳು. ದೋಸೆಯ ಭಟ್ಟರು ಕಾವಲಿಯ ಮೇಲೆ ನೀರು ಚಿಮುಕಿಸಿ ‘ಚುಂಯ್’ ಎಂಬ ಸದ್ದಿನಿಂದಲೇ ಕಾವು ಅಳೆಯುವುದನ್ನು ಕಂಡವರಿಗೆ ಕಿವಿಯ ಶಕ್ತಿಯನ್ನು ನಾನು ಬಣ್ಣಿಸಬೇಕಾಗಿಲ್ಲ.

ಈಗ ಯಂತ್ರಗಳ ಮಾತು. 1981ರಲ್ಲಿ ಅಮೆರಿಕದ ವಾಷಿಂಗ್ಟನ್ನಿನ ಅರೀನಾ ಸ್ಟೇಜ್ ಎಂಬ ರಂಗಮಂದಿರದಲ್ಲಿ, ಸ್ವತಃ ದೃಷ್ಟಿ ಕಳೆದುಕೊಂಡಿದ್ದ ಮಾರ್ಗರೆಟ್ ಎಂಬ ಮಹಿಳೆಯೂ ಅವರ ಜೊತೆಗಾರ ಕೋಡಿ ಫಾನ್‌ಸ್ಟೀಲ್ ಅವರೂ ಸೇರಿ ಒಂದು ಪದ್ಧತಿಯನ್ನು ರೂಪಿಸಿದರು. ಒಬ್ಬರು ಮರೆಯಲ್ಲಿ ಕುಳಿತು ರಂಗದ ಮೇಲಿನ ಚಲನೆಯನ್ನು ಮಾತಿನಲ್ಲಿ ವರ್ಣಿಸುವರು. ಅಂಧ ಪ್ರೇಕ್ಷಕರು ಕಿವಿಗೆ ಹಚ್ಚಿಕೊಂಡ ಪುಟ್ಟ ಸಾಧನದಲ್ಲಿ ಅದನ್ನು ಕೇಳುವರು. ಅದೇ ಇಂದು ಶ್ರಾವ್ಯ ವರ್ಣನೆ ಎಂದು ಪ್ರಸಿದ್ಧವಾಗಿದೆ. ಕಲಿಯುವವರಿಗೂ ಇದು ಉಪಯುಕ್ತ. ಗುರುವು ಒಂದು ಅಡವಿನ ವರ್ಣನೆಯನ್ನು, ಸೊಲ್ಲನ್ನು, ತಾಳವನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೊಟ್ಟರೆ ಶಿಷ್ಯೆ ಮನೆಯಲ್ಲಿ ನೂರು ಸಲ ಕೇಳಿ ಅಭ್ಯಾಸ ಮಾಡಬಹುದು. ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ಏರ್ಪಾಡು ಈಗ ಸಾಮಾನ್ಯ ಮೊಬೈಲಿನಲ್ಲಿಯೇ ಉಂಟು, ಬೇರೆ ಕೊಳ್ಳಬೇಕಾಗಿಲ್ಲ.

ಅಭ್ಯಾಸದಲ್ಲಿ ತಪ್ಪಾದರೆ ತಿದ್ದುವವರಾರು? ಅದಕ್ಕೆ ಕ್ಯಾಮೆರಾ ಮುಂದೆ ಬಂದಿದೆ. 2010ರಲ್ಲಿ ಮೈಕ್ರೋಸಾಫ್ಟ್ ಕಂಪೆನಿಯವರು ಆಟಗಳಿಗಾಗಿ ‘ಕಿನೆಕ್ಟ್’ ಎಂಬ ಕ್ಯಾಮೆರಾ ಮಾರುಕಟ್ಟೆಗೆ ತಂದರು. ಅದು ಎದುರಿಗಿರುವವರ ಕೈಕಾಲುಗಳ ಕೀಲು ಎಲ್ಲಿದೆಯೆಂದು ಗುರುತಿಸಬಲ್ಲುದು. 2013ರಲ್ಲಿ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನೇ ಬಳಸಿ, ಅಂಧರಿಗೂ ಮಂದದೃಷ್ಟಿಯವರಿಗೂ ಯೋಗಾಸನ ಕಲಿಸುವ ವ್ಯವಸ್ಥೆಯನ್ನು ರಚಿಸಿ 16 ಮಂದಿಯೊಡನೆ ಪರೀಕ್ಷಿಸಿದರು. ಭಂಗಿ ತಪ್ಪಿದರೆ ಯಂತ್ರವೇ ಬಾಯಿಮಾತಿನಲ್ಲಿ ತಿದ್ದುತ್ತದೆ. ಯೋಗಕ್ಕೆ ಒದಗಿದ್ದು ಅರೆಮಂಡಿಗೂ ಒದಗಬಾರದೇಕೆ? 2020ರಲ್ಲಿ ಗೂಗಲ್ ಸಂಸ್ಥೆಯವರು ಸಾಮಾನ್ಯ ಮೊಬೈಲಿನ ಕ್ಯಾಮೆರಾದಿಂದಲೇ ದೇಹದ 33 ಬಿಂದುಗಳನ್ನು ಗುರುತಿಸುವ ತಂತ್ರವನ್ನು ಪ್ರಕಟಿಸಿದರು. ಕೈಯೊಂದರಲ್ಲಿ 21 ಬಿಂದುಗಳನ್ನು ಗುರುತಿಸುವ ತಂತ್ರವೂ ಅವರದೇ ಉಂಟು. ಮಂಡಿ ಎಷ್ಟು ಬಾಗಿದೆ, ಮೊಣಕೈ ಇಳಿದಿದೆಯೆ ಎಂದು ಲೆಕ್ಕ ಹಾಕಿ ಉಲಿಯುವ ಸಾಧನವನ್ನು ಇವುಗಳ ಮೇಲೆ ಕಟ್ಟಬಹುದು. ಸೊಂಟದ ಪಟ್ಟಿಯಲ್ಲಿ ಸಣ್ಣ ಕಂಪನ ಹುಟ್ಟಿಸಿ “ಎಡಕ್ಕೆ ತಿರುಗು” ಎಂದು ತಿಳಿಸುವ ಪ್ರಯೋಗಗಳೂ ಪ್ರಯೋಗಶಾಲೆಗಳಲ್ಲಿ ನಡೆದಿವೆ. ಕಿವಿಯನ್ನು ಸಂಗೀತಕ್ಕೆ ಬಿಟ್ಟುಕೊಟ್ಟು ಸೂಚನೆಯನ್ನು ಚರ್ಮಕ್ಕೆ ಒಪ್ಪಿಸುವ ಆ ಯೋಚನೆ ನನಗೆ ಬಹಳ ಹಿಡಿಸಿತು.

ಆದರೂ ವ್ಯಾಪಾರದಲ್ಲಿ ನುರಿತವನಾದ್ದರಿಂದ ಒಂದು ಶಂಕೆಯನ್ನು ಹೇಳಲೇಬೇಕು. ಕಿನೆಕ್ಟ್ ಕ್ಯಾಮೆರಾದ ತಯಾರಿಕೆ 2017ರಲ್ಲಿ ನಿಂತುಹೋಯಿತು. ಅದೇ ಕಂಪೆನಿಯವರು 2018ರಲ್ಲಿ ಅಂಧರಿಗೆ ದಾರಿ ತಿಳಿಯಲೆಂದು, ದಿಕ್ಕಿನಿಂದ ಸದ್ದು ಕೇಳಿಸುವ ‘ಸೌಂಡ್‌ಸ್ಕೇಪ್’ ಎಂಬ ಸಾಧನವನ್ನು ಮೊಬೈಲಿಗೆ ಕೊಟ್ಟು, 2023ರಲ್ಲಿ ಅದನ್ನು ಕೈಬಿಟ್ಟರು. ಅದರ ಒಳಲಿಪಿಯನ್ನು ಮಾತ್ರ ಬೇಕಾದವರು ಬಳಸಿಕೊಳ್ಳಲೆಂದು ಬಹಿರಂಗಪಡಿಸಿದರು. ಬಿಡಿಭಾಗ ಸಿಗದ ರುಬ್ಬುವ ಯಂತ್ರವನ್ನು ಕೊಂಡು ಪಶ್ಚಾತ್ತಾಪಪಟ್ಟ ಹೋಟೆಲಿನವರಿಗೆ ಇದು ಅರ್ಥವಾಗುತ್ತದೆ. ಜೊತೆಗೆ, ಸೀರೆಯ ನೆರಿಗೆಯೊಳಗೆ ಮರೆಯಾದ ಮಂಡಿಯನ್ನೂ, ಒಂದರ ಹಿಂದೊಂದು ಅಡಗಿದ ಬೆರಳುಗಳನ್ನೂ ಕ್ಯಾಮೆರಾ ತಪ್ಪಾಗಿ ಓದಬಹುದು. ಯಂತ್ರವು ಗುರುವಿನ ಕೈಯಾಳಾಗಿ ಇರಲಿ. ಗುರುವೇ ಆಗಿ ಕೂರುವ ಕಾಲ ಇನ್ನೂ ಬಂದಿಲ್ಲ.

ಪೂರ್ತಿ ಕಾಣದವರಿಗಿಂತ ಅರೆಬರೆ ಕಾಣುವವರ ಸಂಖ್ಯೆಯೇ ದೊಡ್ಡದು. ಅವರ ಕಷ್ಟ ಹೊರಗೆ ತೋರದು. ಕೆಲವರಿಗೆ ಕೊಳವೆಯಿಂದ ನೋಡಿದಂತೆ ನಡುವಿನದಷ್ಟೇ ಕಾಣುವುದು, ಕೆಲವರಿಗೆ ನಡುವೆಯೇ ಮಸುಕು. ಬಿಳಿಗೋಡೆಯ ಮುಂದೆ ಗುರುವು ಕಡುಬಣ್ಣದ ಉಡುಪು ತೊಟ್ಟರೆ, ಕೈಗೆ ಎದ್ದು ಕಾಣುವ ಬಣ್ಣದ ಗವಸು ಹಾಕಿದರೆ, ನೆಲದ ಅಂಚಿಗೆ ಹಳದಿ ಪಟ್ಟಿ ಹಚ್ಚಿದರೆ, ಕಿಟಕಿಯ ಝಳಪು ಕಣ್ಣಿಗೆ ಹೊಡೆಯದಂತೆ ಪರದೆ ಎಳೆದರೆ ಎಷ್ಟೋ ಅನುಕೂಲ. ಇರುಳುಗುರುಡು ಇರುವವರನ್ನು ರಂಗದ ಮೇಲೆ ನಿಲ್ಲಿಸಿ ಥಟ್ಟನೆ ದೀಪವಾರಿಸುವುದು ಅಪಾಯ. ಇದೆಲ್ಲ ಹಣದ ಮಾತಲ್ಲ, ಗಮನದ ಮಾತು.

ಕಾನೂನು ಕೂಡ ಇವರ ಕಡೆಗಿದೆ. 2011ರ ಜನಗಣತಿಯಂತೆ ನಮ್ಮ ದೇಶದಲ್ಲಿ ದೃಷ್ಟಿದೋಷವುಳ್ಳವರು ಸುಮಾರು 50 ಲಕ್ಷ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 29ನೆಯ ಕಲಮು, ಕಲಾವಿಷಯಗಳ ಪಾಠಕ್ರಮವನ್ನು ಇಂಥವರಿಗೆ ಎಟುಕುವಂತೆ ಮಾರ್ಪಡಿಸಬೇಕೆಂದೂ, ಮನೋರಂಜನೆಯ ಚಟುವಟಿಕೆಗಳಲ್ಲಿ ಸೇರಲು ಬೇಕಾದ ತಂತ್ರಸಾಧನಗಳನ್ನು ಬೆಳೆಸಬೇಕೆಂದೂ ಹೇಳುತ್ತದೆ. ಪೇಟೆಯ ಶಿಕ್ಷಕರ ಬಾಗಿಲಿಗೆ ಈ ಕಲಮು ಇನ್ನೂ ಮುಟ್ಟಿಲ್ಲವೆಂಬುದು ಬೇರೆ ಮಾತು.

ಇಷ್ಟನ್ನು ಓದಿ ಕೇಳಿ ತಿಳಿದುಕೊಂಡ ಮೇಲೆ, ಹೋದ ತಿಂಗಳು ಆ ಸಪ್ಲಾಯರನ್ನು ಕರೆದು ಕೂರಿಸಿ ಎಲ್ಲವನ್ನೂ ಹೇಳಿದೆ. ಅಂದು ನಕ್ಕಿದ್ದಕ್ಕೆ ತಪ್ಪೊಪ್ಪಿಕೊಂಡೆ. ಅವನು, “ಅದೆಲ್ಲ ಯಾಕೆ ಧಣಿಗಳೆ” ಎಂದು ಮುಜುಗರಪಟ್ಟ. ಆಮೇಲೆ ತಿಳಿದುದೇನೆಂದರೆ, ಅವನೂ ಸುಮ್ಮನೆ ಕೂತಿರಲಿಲ್ಲ. ಊರಿನಲ್ಲಿ ಹೊಸದಾಗಿ ಪಾಠ ಆರಂಭಿಸಿರುವ ಒಬ್ಬ ತರುಣಿ ಹುಡುಗಿಯನ್ನು ಸೇರಿಸಿಕೊಳ್ಳಲು ಒಪ್ಪಿದ್ದಾಳಂತೆ. ಆದರೆ ಹೇಗೆ ಕಲಿಸುವುದೆಂದು ಅವಳಿಗೂ ತೋಚದೆ, ಆರು ತಿಂಗಳಿನಿಂದ ತಟ್ಟಡವಿನಲ್ಲಿಯೇ ನಿಂತಿದ್ದಾರಂತೆ. ಹುಡುಗಿಗೆ ಈಗ ಹನ್ನೊಂದು. ತಿರುಗಿದ ಮೇಲೆ ಎದುರು ಯಾವುದೆಂದು ತಿಳಿಯದೆ ಗೋಡೆಗೆ ಮುಖಮಾಡಿ ನಿಲ್ಲುವುದೇ ದೊಡ್ಡ ತೊಡಕಂತೆ. ಜೊತೆಯ ಮಕ್ಕಳು ನಗುತ್ತಾರೆಂದು ಎರಡು ವಾರ ಪಾಠಕ್ಕೆ ಹೋಗಿಲ್ಲವಂತೆ.

ಎಂಟು ದಿನದ ರಜೆ ಕೇಳಿದ, ಕೊಟ್ಟೆ. ಬಟ್ಟೆ ಒಣಹಾಕುವ ಹಗ್ಗ ಹತ್ತು ಮೀಟರು, ಅಂಟುಪಟ್ಟಿಯ ಎರಡು ಸುರುಳಿ ಪೇಟೆಯಿಂದ ತಂದುಕೊಂಡ. ಹೊರಡುವ ಸಂಜೆ ಗಲ್ಲೆಯ ಮುಂದೆ ನಿಂತು ಅನುಮಾನಿಸುತ್ತ, “ಧಣಿಗಳೆ, ಆ ಗಂಟೆ ಈಗ ಯಾರಿಗೂ ಬೇಡವಷ್ಟೆ?” ಎಂದ. ಮಾಣಿಗಳನ್ನು ಕರೆಯಲು ಅಂಗೈಯಿಂದ ಒತ್ತುತ್ತಿದ್ದ ಹಿತ್ತಾಳೆಯ ಗಂಟೆ; ಕಂಪ್ಯೂಟರಿನ ಬಿಲ್ಲು ಬಂದಂದಿನಿಂದ ಅದರ ಮೇಲೆ ಧೂಳು ಕೂತಿತ್ತು. ಒರೆಸಿ ಕೊಟ್ಟೆ. ಅವನು ಅದನ್ನು ಒಮ್ಮೆ ಒತ್ತಿ ನೋಡಿ, ಸದ್ದಾಗದಂತೆ ಪಂಚೆಯಲ್ಲಿ ಸುತ್ತಿ ಚೀಲದೊಳಗೆ ಇಟ್ಟುಕೊಂಡು ಮಂಗಳೂರಿನ ರೈಲಿಗೆ ಹೊರಟ.